ಇಂತಿ, ಮೊಸಳೆ

ಬೆಳಿಗ್ಗೆ ಹತ್ತೂಕಾಲಿಗೆ ಮುದುಕರೊಬ್ಬರು ಕೌಂಟರಿನ ಆಚೆ ನಿಂತು "ಮೊಸಳೆ ಸಾಹೇಬ್ರು ಇದ್ದಾರಾ?" ಎಂದು ಕೇಳಿದಾಗ ಅವನು ತನ್ನ ಎಡಗಾಲಿನ ಬೂಟಿನ ಬಗ್ಗೆ ಯೋಚಿಸುತ್ತಿದ್ದ. ಬೂಟು ಹೊಸದು. ಎಡಗಾಲಿನದು ಮಾತ್ರ ಹೆಜ್ಜೆಯಿಟ್ಟಾಗಲೆಲ್ಲ ಕಿರ್ರೆನ್ನುತ್ತಿತ್ತು. ಹೊರಬಾಗಿಲಿನಿಂದ ಯಂತ್ರದ ಕೋಣೆಗೆ ನಲವತ್ತು ಹೆಜ್ಜೆ. ಅಂದರೆ ಇಪ್ಪತ್ತು ಸಲ ಇಡೀ ಜನನ ಮರಣ ನೋಂದಣಿ ಕಚೇರಿ ತಲೆಯೆತ್ತಿ ಅವನನ್ನು ನೋಡಿತ್ತು. ಹನ್ನೆರಡು ವರ್ಷದಿಂದ ಆ ಕಚೇರಿಯ ಕಂಪ್ಯೂಟರುಗಳನ್ನು ಕಾಯುತ್ತಿದ್ದವನನ್ನು ಅಷ್ಟು ಜನ ಒಟ್ಟಿಗೆ ನೋಡಿದ್ದು ಅದೇ ಮೊದಲು. ಅದೂ ಬೂಟಿನ ದೆಸೆಯಿಂದ ಎಂಬುದು ಅವನನ್ನು ಒಳಗೊಳಗೇ ಚುಚ್ಚುತ್ತಿತ್ತು. ಕೌಂಟರಿನ ಗುಮಾಸ್ತ ಚಹಾಕ್ಕೆ ಎದ್ದುಹೋಗಿದ್ದ. ಇನ್ನೊಂದು ಹೆಜ್ಜೆಯಿಟ್ಟರೆ ಇನ್ನೊಂದು ಸಲ ಕಿರ್ರೆನ್ನುತ್ತದೆಂಬ ಭಯಕ್ಕೆ ಅವನು ಅಲ್ಲೇ ನಿಂತುಬಿಟ್ಟಿದ್ದ.

"ಯಾರು ಅಂದ್ರಿ?"

"ಮೊಸಳೆಯವರು. ನಿರ್ದೇಶಕರು. ನಂಗೆ ಕಾಗದ ಬರೆದಿದ್ರು."

ಮುದುಕರು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು, ಕೌಂಟರಿನ ಮೇಲೆ ಬಿಡಿಸಿ, ಅಂಗೈಯಿಂದ ಸವರಿ ಸಮ ಮಾಡಿದರು. ಮರಣ ಪ್ರಮಾಣಪತ್ರದ ಜೊತೆಗೆ ಪ್ರತಿ ಮನೆಗೂ ಹೋಗುವ ಸಂತಾಪ ಪತ್ರ ಅದು. ಮೂರು ವರ್ಷದ ಹಿಂದೆ ನಿರ್ದೇಶಕರೇ ಕೂತು, ಎರಡು ಸಲ ಕಣ್ಣೊರೆಸಿಕೊಂಡು ಬರೆದದ್ದು. ಸಹಿಯವರೆಗೆ ಒಂದಕ್ಷರ ಬದಲಾಗಿರಲಿಲ್ಲ. 'ನಿಮ್ಮ ಮನೆಯಲ್ಲಾದ ಸಾವಿನಿಂದ ನಮ್ಮ ಕಚೇರಿಯೂ ಬಡವಾಗಿದೆ. ನಿಮ್ಮ ಕಣ್ಣೀರಿನಲ್ಲಿ ನಮ್ಮ ಕಣ್ಣೀರೂ ಬೆರೆತಿದೆ. ಇಂತಿ, ಮೊಸಳೆ, ನಿರ್ದೇಶಕರು.'

"ಹೆಸರು ನೋಡಿ ಮೊದಲು ಒಂಥರಾ ಆಯ್ತು," ಎಂದರು ಮುದುಕರು. "ಆಮೇಲೆ ಅಂದ್ಕೊಂಡೆ, ಮನೆತನದ ಹೆಸರಿರಬೇಕು, ಪಾಪ, ಅದಕ್ಕೆ ಅವರೇನು ಮಾಡ್ತಾರೆ. ನಮ್ಮ ಮನೆಯವಳು ಹೋದಮೇಲೆ ಕಾಗದ ಅಂತ ಬರೆದವರು ಇವರೊಬ್ರೇ. ಕೈ ಮುಗಿದು ಹೋಗೋಣ ಅಂತ ಬಂದೆ."

"ಸಾಹೇಬರು ರಜಾ," ಎಂದ ಅವನು. ಅದೇ ಕ್ಷಣಕ್ಕೆ ಒಳಗಿನ ಕೋಣೆಯಲ್ಲಿ ನಿರ್ದೇಶಕರು ಗಂಟಲು ಕ್ಯಾಕರಿಸಿ ಜವಾನನನ್ನು ಕೂಗಿದರು. ಮುದುಕರು ಆ ಕಡೆ ನೋಡಿದರು, ಅವನನ್ನು ನೋಡಿದರು. ಸುಳ್ಳು ಹೇಳುವವರ ಮುಖ ಅವರಿಗೆ ಹೊಸದಾಗಿರಲಿಲ್ಲ. "ಆಯ್ತಪ್ಪ, ಬಂದಾಗ ಹೇಳಿ," ಎಂದು ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿ, ಓಡೋಡಿ ಬರುತ್ತಿದ್ದ ಜವಾನನಿಗೆ ದಾರಿ ಬಿಟ್ಟು, ಅವನ ಕಿವಿಗೂ ಬೀಳುವಷ್ಟು ಗಟ್ಟಿಯಾಗಿ, "ಮೊಸಳೆಯವರಿಗೆ ನನ್ನ ನಮಸ್ಕಾರ ಹೇಳಿ," ಎಂದು ಹೊರಟುಹೋದರು.

ಯಂತ್ರದ ಕೋಣೆಯ ಬಾಗಿಲು ಹಾಕಿಕೊಂಡು ಕುರ್ಚಿಯಲ್ಲಿ ಕೂತಾಗ ಅವನ ಕಣ್ಣಿಗೆ ಬಂದದ್ದು ಯಂತ್ರವಲ್ಲ, ಐದು ತಿಂಗಳ ಹಿಂದಿನ ತನ್ನ ಮನೆಯ ನಡುಕೋಣೆ. ಅಪ್ಪನನ್ನು ಮಲಗಿಸಿದ್ದರು. ಬಂದವರು ಗೋಡೆಗೊರಗಿ ನಿಂತಿದ್ದರು. ಅವನು ಬಾಗಿಲ ಪಕ್ಕದಲ್ಲಿ ನಿಂತು, ಬಂದವರ ಚಪ್ಪಲಿಗಳು ಅದಲುಬದಲಾಗದಿದ್ದರೆ ಸಾಕು ಎಂದು ಯೋಚಿಸುತ್ತಿದ್ದ. ಅಂಥ ಹೊತ್ತಿನಲ್ಲಿ ಅಂಥ ಯೋಚನೆ ಬಂದದ್ದಕ್ಕೆ ನಾಚುತ್ತ, ನಾಚಿಕೆಯಾದರೂ ಆಗುತ್ತಿದೆಯಲ್ಲ ಎಂದು ಸಮಾಧಾನಪಡುತ್ತ, ಕಣ್ಣು ಒದ್ದೆಯಾಗಲೆಂದು ಕಾಯುತ್ತಿದ್ದ. ಆಗಲಿಲ್ಲ. ಆ ಹೊತ್ತಿಗೆ ನಿರ್ದೇಶಕರು ಬಂದರು. ಅಪ್ಪನನ್ನು ಅವರು ಒಮ್ಮೆಯೂ ನೋಡಿದವರಲ್ಲ. ಬಂದವರೇ ಅವನ ಎರಡೂ ಕೈ ಹಿಡಿದುಕೊಂಡರು, ಕೆನ್ನೆಯ ಮೇಲೆ ಧಾರಾಕಾರ ನೀರು. ಮೂಲೆಯಲ್ಲಿದ್ದ ದೊಡ್ಡಪ್ಪ ಪಕ್ಕದವರಿಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ನೋಡಿ, ಪರರು ಅಳ್ತಿದಾರೆ, ಹೆತ್ತ ಮಗ ಕಂಬದ ಹಾಗೆ ನಿಂತಿದಾನೆ," ಎಂದರು. ಆವತ್ತಿನಿಂದ ಮನೆಯಲ್ಲಿ ಅವನು ನಿರ್ದೇಶಕರನ್ನು ಹೆಸರು ಹಿಡಿದು ಕರೆದದ್ದಿಲ್ಲ. ಮೊಸಳೆ ಇವತ್ತು ಬೇಗ ಬಂತು. ಮೊಸಳೆಗೆ ಬಡ್ತಿಯಂತೆ. ಹೆಂಡತಿ ಮೊದಲು ನಕ್ಕಳು, ಆಮೇಲೆ ನಗುವುದನ್ನು ಬಿಟ್ಟಳು, ಆಮೇಲೆ ಅವಳೂ ಹಾಗೇ ಕರೆಯತೊಡಗಿದಳು.

ಆದರೆ ಮನೆಯ ಮಾತು ಕಾಗದದ ಮೇಲೆ ಬಂದದ್ದು ಹೇಗೆ ಎಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಕಚೇರಿಯ ದೊಡ್ಡ ಯಂತ್ರ ಚಾಲೂ ಆದಾಗ ಎಲ್ಲಕ್ಕಿಂತ ಮೊದಲು ಏಳುವುದು ಸರ್ವಿಸ್ ಮ್ಯಾನೇಜರ್ ಎಂಬ ಪ್ರೋಗ್ರಾಮು. ಪ್ರಮಾಣಪತ್ರ ಕೊಡುವ ಕೆಲಸ, ಕಾಗದ ಅಚ್ಚುಹಾಕುವ ಕೆಲಸ, ಇವನ್ನೆಲ್ಲ ಹೆರುವುದು ಅದೇ. ಹೆರುವಾಗ ತನ್ನ ಬಳಿಯಿರುವ ನಾಲ್ಕಾರು ಮಾತುಗಳ ನಕಲನ್ನು ಪ್ರತಿ ಮಗುವಿನ ಕಿಸೆಗೂ ಹಾಕಿ ಕಳಿಸುತ್ತದೆ: ಭಾಷೆ ಯಾವುದು, ಕಡತ ಎಲ್ಲಿದೆ, ಸಹಿ ಯಾರದು. ಅವನ ಕಸುಬಿನವರು ಈ ಮಾತುಗಳನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಎನ್ನುತ್ತಾರೆ. ಒಮ್ಮೆ ಹುಟ್ಟಿದ ಮಗು ತನ್ನ ಕಿಸೆಯನ್ನಷ್ಟೇ ನೋಡಿಕೊಳ್ಳುತ್ತದೆ. ತಾಯಿ ಆಮೇಲೆ ಮಾತು ಬದಲಿಸಿದರೂ ಅದಕ್ಕೆ ತಿಳಿಯದು. ನಿಲ್ಲಿಸಿ ಮತ್ತೆ ಹುಟ್ಟಿಸಿದರೆ ಮಾತ್ರ ಹೊಸ ಮಾತು ಸಿಗುತ್ತದೆ. ಮೂರು ತಿಂಗಳ ಹಿಂದೆ, ನಿರ್ದೇಶಕರು ಬದಲಾದಾಗಲೆಲ್ಲ ಕಡತ ತಿದ್ದುವ ಬದಲು ಸಹಿಯ ಹೆಸರನ್ನು ಹೀಗೆ ಕಿಸೆಯಿಂದ ಕೊಡಬಹುದೇ ಎಂದು ಅವನು ಪರೀಕ್ಷೆ ಮಾಡಿದ್ದ. ಪರೀಕ್ಷೆಗೆ ಒಂದು ಹೆಸರು ಬೇಕಿತ್ತು. ಬೆರಳು ತಾನಾಗಿ ಒಂದು ಹೆಸರು ಒತ್ತಿತು. ಮ್ಯಾನೇಜರಿಗೆ ಹೇಳಿ, ಪರೀಕ್ಷೆಗೆಂದೇ ಒಂದು ಮಗುವನ್ನು ಹುಟ್ಟಿಸಿ ನೋಡಿದರೆ, 'ಇಂತಿ, ಮೊಸಳೆ'. ಅಪ್ಪ ಹೋದಮೇಲೆ ಅವನು ಮನಸಾರೆ ನಕ್ಕದ್ದು ಅವತ್ತೇ. ನಗು ಮುಗಿಯುವ ಮೊದಲೇ ನಿರ್ದೇಶಕರ ಕರೆ ಬಂತು. ಪರದೆಯ ಮೇಲಿನ ಕಿಟಕಿ ಮುಚ್ಚಿ ಎದ್ದುಹೋದ. ಕಿಟಕಿ ಮುಚ್ಚಿದರೆ ಕಿಟಕಿಯಲ್ಲಿ ಹೇಳಿದ್ದು ಹೋಗುತ್ತದೆ, ಮ್ಯಾನೇಜರಿಗೆ ಹೇಳಿದ್ದು ಹೋಗುವುದಿಲ್ಲ ಎಂಬುದು ಅವನ ಕಸುಬಿನ ಮೊದಲ ಪಾಠ. ಅದನ್ನು ಅವನು ನಾಲ್ಕು ಜನಕ್ಕೆ ಹೇಳಿಕೊಟ್ಟೂ ಇದ್ದ. ಆ ಮಾತು ಮೂರು ತಿಂಗಳು ತಾಯಿಯ ನೆನಪಿನಲ್ಲಿ ತಣ್ಣಗೆ ಕೂತಿತ್ತು, ಯಾಕೆಂದರೆ ಕಾಗದದ ಕೆಲಸ ವರ್ಷದಿಂದ ಒಂದೇ ಸಮ ಓಡುತ್ತಿತ್ತು, ಮತ್ತು ಯಂತ್ರ ನಾಲ್ಕುನೂರು ದಿನದಿಂದ ನಿಂತಿಲ್ಲವೆಂದು ಅವನು ಜಂಬದಿಂದ ಗೋಡೆಯ ಮೇಲೆ ಬರೆದಿಟ್ಟಿದ್ದ. ಕಳೆದ ಸೋಮವಾರ ಟೈಪಿಸ್ಟ್ ಬಂದು, ಕಾಗದದ ಎಡಗಡೆ ಅಕ್ಷರಗಳು ಕತ್ತರಿಸಿಹೋಗುತ್ತಿವೆ ಎಂದಿದ್ದಳು. ಅವನು ಅಂಚು ಸರಿಮಾಡಿ ಆ ಕೆಲಸವನ್ನು ನಿಲ್ಲಿಸಿ ಮತ್ತೆ ಹುಟ್ಟಿಸಿದ್ದ. ಅಲ್ಲಿಂದ ಈಚೆಗೆ ಎಷ್ಟು ಕಾಗದ ಹೋಗಿವೆ ಎಂದು ಎಣಿಸಿದ. ಅರವತ್ತೊಂದು.

ಎರಡು ಸಾಲು ಒತ್ತಿದರೆ ಮುಗಿಯಿತು. ಮ್ಯಾನೇಜರಿನ ನೆನಪಿನಿಂದ ಆ ಮಾತನ್ನು ತೆಗೆದ; ಕಾಗದದ ಕೆಲಸವನ್ನು ಇನ್ನೊಮ್ಮೆ ಹುಟ್ಟಿಸಿದ. ಕಿಸೆ ಖಾಲಿಯಿದ್ದರೆ ಅದು ಕಡತದಲ್ಲಿರುವ ನಿಜವಾದ ಹೆಸರನ್ನೇ ಹಾಕುತ್ತದೆ. ಹಾಕಿತು. ಒಂದು ಕುರುಹೂ ಉಳಿಯಲಿಲ್ಲ. ಅವನ ಎದೆ ಹಗುರಾಯಿತು. ಆಮೇಲೆ, ಹಗುರಾದದ್ದೇ ತಡ, ಹೆದರಿಕೆ ಶುರುವಾಯಿತು.

ಮಧ್ಯಾಹ್ನಕ್ಕೆ ಎಲ್ಲರನ್ನೂ ಸಭಾಕೋಣೆಗೆ ಕರೆದರು. ಜವಾನ ಎಲ್ಲಿಂದಲೋ ಒಂದು ಕಾಗದ ಸಂಪಾದಿಸಿ ಕೊಟ್ಟಿದ್ದ. ನಿರ್ದೇಶಕರು ಎದ್ದುನಿಂತು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ತಾವೇ ಬರೆದದ್ದಾದ್ದರಿಂದ ನಡುವೆ ಒಂದೆಡೆ ದನಿ ಗದ್ಗದವಾಯಿತು. "ಇಂತಿ," ಎಂದು ನಿಲ್ಲಿಸಿದರು. ಮುಂದಿನ ಪದವನ್ನು ಅವರ ಬಾಯಿಂದ ಕೇಳಲು ಕಚೇರಿಯೆಲ್ಲ ಉಸಿರು ಬಿಗಿಹಿಡಿದಿತ್ತು. ಅವರು ಹೇಳಲಿಲ್ಲ, ಕಾಗದವನ್ನು ತಿರುಗಿಸಿ ಎಲ್ಲರಿಗೂ ತೋರಿಸಿದರು. ಯಾರೋ ಕೆಮ್ಮಿದರು, ಯಾರೋ ಪೆನ್ನು ಬೀಳಿಸಿಕೊಂಡು ಅದನ್ನು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಹೋಗಿ ಅಲ್ಲೇ ನಕ್ಕು ಮುಗಿಸಿ ಮೇಲೆ ಬಂದರು. "ನನ್ನ ಹೆಸರಿನ ಮಾತಲ್ಲ ಇದು," ಎಂದರು ನಿರ್ದೇಶಕರು, ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಸತ್ತವರ ಮನೆಯ ಮಾತು. ಕಾಗದದ ಮೇಲೆ ಅಕ್ಷರ ಕೂರಿಸೋದು ಯಾರು ಇಲ್ಲಿ?" ಎಲ್ಲರೂ ಟೈಪಿಸ್ಟಳ ಕಡೆ ತಿರುಗಿದರು. ಅವನೂ ತಿರುಗಿದ. ಆಮೇಲೆ ಎಷ್ಟೋ ದಿನ ಅವನನ್ನು ಕಾಡಿದ್ದು ಈ ತಿರುಗುವಿಕೆ. ಕತ್ತು ತಾನಾಗಿ ತಿರುಗಿತ್ತು. ಟೈಪಿಸ್ಟ್ ಗೋಡೆಯ ಪಕ್ಕದಲ್ಲಿ ನಿಂತಿದ್ದಳು, ಕುರ್ಚಿ ಸಾಲದಿದ್ದಾಗ ನಿಲ್ಲುವವಳು ಯಾವಾಗಲೂ ಅವಳೇ. ಅವಳದು ತಾತ್ಕಾಲಿಕ ನೌಕರಿ, ವರ್ಷವರ್ಷಕ್ಕೂ ನಿರ್ದೇಶಕರ ಸಹಿಯಾಗಬೇಕು. ಆ ವರ್ಷದ ಸಹಿಗೆ ಹದಿನೆಂಟು ದಿನವಿತ್ತು.

ವಿಚಾರಣೆಗೆ ನಿವೃತ್ತ ಅಧಿಕಾರಿಯೊಬ್ಬರನ್ನು ನೇಮಿಸಿದರು. ಸೆಕೆಗಾಲದಲ್ಲೂ ಕೋಟು ಬಿಚ್ಚದ ಅವರನ್ನು ಜವಾನ ಮೊದಲ ದಿನವೇ ಕೋಟಿನವರು ಎಂದು ಕರೆದ, ಅದೇ ನಿಂತಿತು. ಯಂತ್ರದಲ್ಲಿರುವ ಎಲ್ಲ ಕಡತಗಳಲ್ಲಿ ಮೊಸಳೆ ಎಂಬ ಪದ ಎಲ್ಲಿದೆ ಹುಡುಕಿ ಎಂದು ಅವರು ಅವನಿಗೇ ಅಪ್ಪಣೆ ಮಾಡಿ, ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಹುಡುಕುವ ಕೆಲಸ ಮೂರು ತಾಸು ನಡೆಯಿತು. ಸಿಗುವುದಿಲ್ಲವೆಂದು ಗೊತ್ತಿದ್ದ ವಸ್ತುವನ್ನು ಹುಡುಕುವವನ ಮುಖ ಹೇಗಿರಬೇಕು ಎಂದು ಗೊತ್ತಾಗದೆ ಅವನು ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದ. ಮೂರನೆಯ ತಾಸಿಗೆ ನಿಜಕ್ಕೂ ತಲೆನೋವು ಬಂತು. ಕೊನೆಗೆ ಒಂದೇ ಒಂದು ಕಡೆ ಸಿಕ್ಕಿತು: ಹದಿನಾಲ್ಕು ವರ್ಷ ಹಳೆಯ ಮರಣ ದಾಖಲೆಯೊಂದರಲ್ಲಿ, ಸಾವಿನ ಕಾರಣದ ಕಾಲಮಿನಲ್ಲಿ. ಕೋಟಿನವರು ಅದನ್ನೂ ಬರೆದುಕೊಂಡರು. "ಅಂದ್ರೆ ಯಂತ್ರದಲ್ಲಿ ಇಲ್ಲ," ಎಂದು ಎದ್ದರು. "ಯಂತ್ರದಲ್ಲಿಲ್ಲ ಅಂದ್ಮೇಲೆ ಕೈಯಲ್ಲಿರಬೇಕು. ಟೈಪ್ ಮಾಡೋ ಕೈ." ಸುಳ್ಳನ್ನು ಅಳಿಸಲು ಹೋಗಿ ಅವನು ಅಳಿಸಿದ್ದು ಅವಳ ಪರವಾಗಿದ್ದ ಒಂದೇ ಸಾಕ್ಷಿಯನ್ನು.

ಮರುದಿನ ಅವಳೇ ಯಂತ್ರದ ಕೋಣೆಗೆ ಬಂದಳು. ಕೂರಿ ಎಂದರೂ ಕೂರಲಿಲ್ಲ.

"ನಾನು ಹಾಕೋದು ಸತ್ತವರ ಹೆಸರು, ಮನೆ ವಿಳಾಸ. ಸಹಿಯ ಹೆಸರು ನನ್ನ ಪರದೆ ಮೇಲೆ ಬರೋದೇ ಇಲ್ಲ. ಅದು ನಿಮಗೆ ಗೊತ್ತು."

"ಗೊತ್ತು."

"ಕೋಟಿನವರು ಒಪ್ಕೊಂಡುಬಿಡಿ ಅಂತಾರೆ. ಆಯಾಸದಲ್ಲಿ ಕೈತಪ್ಪು ಅಂತ ಬರ್ಕೊತಾರಂತೆ. ಕೈತಪ್ಪಿದ್ರೆ ಅಕ್ಷರ ತಪ್ಪತ್ತೆ, ಪ್ರಾಣಿ ಬರತ್ತಾ? ಎಲ್ಲಿಂದ ಬಂತು ಆ ಪದ?"

ಅವನು ಹೇಳಿದ. ಮ್ಯಾನೇಜರು, ಮಕ್ಕಳು, ಕಿಸೆ, ನಕಲು, ಸೋಮವಾರದ ಅಂಚು. ಯಾರು ಹೇಳಿದರು ಎಂಬುದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಪಾಠ ಮಾಡುವವನ ಹುರುಪೂ ಬಂತು, ಒಂದು ಚೀಟಿಯ ಮೇಲೆ ಚಿತ್ರವನ್ನೂ ಬರೆದ. ಅವಳು ಚೀಟಿಯನ್ನು ನೋಡಲಿಲ್ಲ.

"ಅಂದ್ರೆ ಯಾರೋ ತಾಯಿ ಕಿವೀಲಿ ಊದಿದ್ದು ಮಗು ಬಾಯಲ್ಲಿ ಬಂತು."

"ಹೂಂ. ಹಾಗೇ."

"ಊದಿದ್ದು ಯಾರು?"

ಕೋಣೆಯ ಫ್ಯಾನು ಒಂದು ಸುತ್ತಿಗೊಮ್ಮೆ ಟಕ್ಕೆನ್ನುತ್ತಿತ್ತು. "ನೋಡ್ಬೇಕು," ಎಂದ ಅವನು.

"ನೋಡಿ," ಎಂದು ಅವಳು ಹೋದಳು. ಬಾಗಿಲನ್ನು ಬಡಿಯಲಿಲ್ಲ, ಮೆಲ್ಲಗೆ ಎಳೆದುಕೊಂಡು ಹೋದಳು. ಬಡಿದಿದ್ದರೆ ಅವನಿಗೆ ಸಿಟ್ಟಾದರೂ ಬರುತ್ತಿತ್ತು.

ಸಂಜೆ ಹೆಂಡತಿಗೆ ವಿಷಯ ಅವನಿಗಿಂತ ಮೊದಲೇ ಗೊತ್ತಿತ್ತು. ಜವಾನನ ನಾದಿನಿ ಅವಳ ಶಾಲೆಯಲ್ಲೇ ಪಾಠ ಹೇಳುತ್ತಿದ್ದಳು. ತಟ್ಟೆ ಒರೆಸುತ್ತಿದ್ದವಳು ತಿರುಗದೆ, "ನೀವೇ ಅಲ್ವಾ?" ಎಂದಳು. ಅವನು ಮ್ಯಾನೇಜರು, ಮಕ್ಕಳು ಎಂದು ಶುರುಮಾಡಿದ. "ಆ ಕಥೆಯೆಲ್ಲ ನಂಗೆ ಬೇಡ. ಈ ಮನೆಯಲ್ಲಿ ಆ ಹೆಸರು ಹುಟ್ಟಿದ್ದು ಯಾವ ಬಾಯಲ್ಲಿ ಅಂತ ನಂಗೊತ್ತು. ಆಕೆ ಕೆಲಸ ಹೋದ್ರೆ ನಾಳೆಯಿಂದ ಈ ತಟ್ಟೇಲಿ ಊಟ ಹೇಗೆ ಇಳಿಯತ್ತೆ ನಿಮಗೆ?" ಅವನಿಗೆ ಉತ್ತರ ಗೊತ್ತಿತ್ತು. ಇಳಿಯುತ್ತದೆ. ಅಪ್ಪ ಹೋದ ದಿನವೂ ಇಳಿದಿತ್ತು, ಎರಡನೆಯ ಸಲ ಹಾಕಿಸಿಕೊಂಡೂ ಇದ್ದ. ಅದನ್ನು ಹೇಳಲಾಗದೆ, "ಹೇಳ್ತೀನಿ," ಎಂದ. "ಯಾವಾಗ?" "ವಿಚಾರಣೆಯಲ್ಲಿ." ರಾತ್ರಿಯೆಲ್ಲ ವಾಕ್ಯಗಳನ್ನು ಜೋಡಿಸಿಕೊಂಡ. ಸತ್ಯ ಹೇಳಬೇಕು, ಪೂರ್ತಿ ಹೇಳಬೇಕು; ಆದರೆ ಕಸುಬಿನ ಮಾತಿನಲ್ಲೇ ಹೇಳಬೇಕು, ಯಾಕೆಂದರೆ ಅದು ತಾಂತ್ರಿಕ ವಿಷಯ. ಇಷ್ಟು ನಿಶ್ಚಯವಾದಮೇಲೆ ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಆ ನಿದ್ದೆಯ ಮೇಲೇ ಅವನಿಗೆ ಅನುಮಾನವಾಯಿತು.

"ಸರ್, ಪರೀಕ್ಷೆಯ ಸಂದರ್ಭದಲ್ಲಿ ಸರ್ವಿಸ್ ಮ್ಯಾನೇಜರಿನ ಎನ್ವಿರಾನ್‌ಮೆಂಟಿನಲ್ಲಿ ಒಂದು ವೇರಿಯಬಲ್ ಸೆಟ್ ಆಗಿತ್ತು," ಎಂದ. ಸೆಟ್ ಆಗಿತ್ತು. ಮಾಡಿದೆ ಎನ್ನಲು ಹೊರಟ ನಾಲಿಗೆ ಕೊನೆಯ ಗಳಿಗೆಯಲ್ಲಿ ಹೊರಳಿತ್ತು. "ಆಮೇಲೆ ಸರ್ವಿಸ್ ಅದನ್ನ ಇನ್ಹೆರಿಟ್ ಮಾಡ್ಕೊಂಡಿದೆ."

ಕೋಟಿನವರು ಕನ್ನಡಕ ತೆಗೆದರು. "ಈ ಮ್ಯಾನೇಜರು ಯಾವ ವಿಭಾಗ? ಅವರ ಹೇಳಿಕೆ ಯಾಕೆ ತಗೊಂಡಿಲ್ಲ?"

"ಅದು ಮನುಷ್ಯ ಅಲ್ಲ ಸರ್. ಯಂತ್ರದ ಒಳಗಿರೋದು."

"ಅವರ ಕೈಕೆಳಗೆ ಎಷ್ಟು ಜನ?"

"ಎಂಬತ್ತು ನೂರು ಇರ್ತಾವೆ ಸರ್. ಎಲ್ಲ ಅದರ ಮಕ್ಕಳು."

"ಮಕ್ಕಳನ್ನೇ ಕೆಲಸಕ್ಕೆ ಸೇರಿಸ್ಕೊಂಡಿದಾರಾ?" ಕೋಟಿನವರು ಬರೆದುಕೊಳ್ಳುತ್ತಿದ್ದ ಗುಮಾಸ್ತನ ಕಡೆ ತಿರುಗಿ, "ಅದನ್ನ ಬೇರೆ ಹಾಳೆಯಲ್ಲಿ ಬರೀರಿ," ಎಂದರು. "ಸರಿ, ಒಟ್ಟಿನಲ್ಲಿ ತಪ್ಪು ಯಾವುದರದು?"

"ಎನ್ವಿರಾನ್‌ಮೆಂಟಿನದು ಸರ್."

"ತೋರಿಸಿ."

"ಈಗ ಇಲ್ಲ ಸರ್. ಹೋಯ್ತು."

"ಬರತ್ತೆ, ಹೋಗತ್ತೆ," ಎಂದು ಕೋಟಿನವರು ತಲೆಯಾಡಿಸಿದರು, ಕಿಟಕಿಯಾಚೆ ನೋಡಿದರು, ಕೊರಳ ಗುಂಡಿಯನ್ನು ಸಡಿಲಿಸಿದರು. "ನಂಗೂ ಬಂದ ದಿನದಿಂದ ಇಲ್ಲಿ ಏನೋ ಸರಿಯಿಲ್ಲ ಅನ್ನಿಸ್ತಿದೆ. ಗಾಳಿಯೇ ಆಡಲ್ಲ."

ವರದಿ ಹನ್ನೊಂದು ಪುಟವಿತ್ತು. ಘಟನೆಗೆ ಮುಖ್ಯ ಕಾರಣ ಕಚೇರಿಯ ಪರಿಸರದ ಏರುಪೇರು. ಪರಿಸರ ಸುಧಾರಣೆಗಾಗಿ ಕಿಟಕಿಗಳನ್ನು ದಿನವೂ ಎರಡು ತಾಸು ತೆರೆದಿಡತಕ್ಕದ್ದು, ಹಜಾರದಲ್ಲಿ ಹಸಿರು ಗಿಡಗಳ ಹನ್ನೆರಡು ಕುಂಡ ಇಡತಕ್ಕದ್ದು. ಕೊನೆಯ ಪುಟದ ಕೊನೆಯ ಸಾಲಿನಲ್ಲಿ, ಮುನ್ನೆಚ್ಚರಿಕೆಯ ದೃಷ್ಟಿಯಿಂದ ಹಾಲಿ ಟೈಪಿಸ್ಟರ ಸೇವೆಯನ್ನು ಮುಂದುವರಿಸದಿರುವುದು ಸೂಕ್ತ. ಮೂರನೆಯ ದಿನ ಕುಂಡಗಳು ಬಂದವು. ಜವಾನ ಅವುಗಳಿಗೆ ನೀರು ಹಾಕುತ್ತ, ಅವನು ಹಾದುಹೋಗುವಾಗ, "ಏನ್ ಸಾರ್, ಪರಿಸರ ಈಗ ಹೇಗಿದೆ?" ಎಂದು ನಕ್ಕ. ಟೈಪಿಸ್ಟ್ ತನ್ನ ಮೇಜಿನ ಖಾನೆ ಖಾಲಿ ಮಾಡುತ್ತಿದ್ದಳು: ಒಂದು ಬಾಚಣಿಗೆ, ಒಂದು ಶೀತದ ಮುಲಾಮು, ಅರ್ಧ ಬಳಸಿದ ರಬ್ಬರು. ರಬ್ಬರು ಕಚೇರಿಯದೋ ತನ್ನದೋ ಎಂದು ಅವಳು ಒಂದು ಕ್ಷಣ ಯೋಚಿಸಿ, ಮೇಜಿನ ಮೇಲೇ ಇಟ್ಟಳು. ಅದನ್ನು ನೋಡಿದ್ದೇ ಅವನ ಕಾಲು ಯಂತ್ರದ ಕೋಣೆಗೆ ಹೋಗದೆ ನಿರ್ದೇಶಕರ ಕೋಣೆಗೆ ಹೋಯಿತು. ಧೈರ್ಯ ಎಂದು ಅವನು ಯಾವತ್ತೂ ಅದನ್ನು ಕರೆದುಕೊಳ್ಳಲಿಲ್ಲ. ಇನ್ನು ಐದು ನಿಮಿಷ ತಡವಾಗಿದ್ದರೆ ಹೋಗುತ್ತಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ಸರ್, ಆ ಹೆಸರು ಇಟ್ಟವನು ನಾನು."

"ಯಾವ ಹೆಸರು?"

"ಮೊಸಳೆ. ನಿಮಗೆ. ನಾನೇ ಇಟ್ಟೆ, ನಾನೇ ಯಂತ್ರಕ್ಕೆ ಹೇಳಿದೆ, ತೆಗೆಯೋದು ಮರೆತೆ. ಆಮೇಲೆ ಹೆದರಿ ಅಳಿಸಿದೆ. ಆಕೆಗೆ ಏನೂ ಗೊತ್ತಿಲ್ಲ."

ನಿರ್ದೇಶಕರು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. ಅವನು ಅವರ ಕಣ್ಣನ್ನೇ ನೋಡುತ್ತಿದ್ದ. ಆಶ್ಚರ್ಯವೆಂದರೆ ಅವು ಒಣಗಿದ್ದವು.

"ಎಲ್ಲರೂ ಹಾಗೇ ಕರೀತಾರಾ?"

"ಮೊದಲು ನಾನೊಬ್ಬನೇ ಸರ್. ಈಗ ಎಲ್ಲರೂ."

"ಯಾಕೆ?"

"ನಮ್ಮಪ್ಪ ತೀರಿಕೊಂಡಾಗ ನೀವು ಬಂದು ಅತ್ತಿರಿ."

"ಅತ್ತಿದ್ದು ತಪ್ಪಾ?"

"ನಾನು ಅತ್ತಿರಲಿಲ್ಲ ಸರ್," ಎಂದ. ಐದು ತಿಂಗಳಿನ ಹಗೆ ಬಾಯಿಂದ ಹೊರಬಿದ್ದಾಗ ಇಷ್ಟೇ ಇತ್ತು. ಮೇಜಿನ ಮೇಲಿಟ್ಟರೆ ಕಾಣದಷ್ಟು ಚಿಕ್ಕದು.

ನಿರ್ದೇಶಕರು ಖಾನೆ ಎಳೆದು, ಒಂದು ಪುಟ್ಟ ಸೀಸೆ ತೆಗೆದು, ತಲೆ ಹಿಂದಕ್ಕೆ ಹಾಕಿ ಎರಡೂ ಕಣ್ಣಿಗೆ ಒಂದೊಂದು ಹನಿ ಬಿಟ್ಟುಕೊಂಡರು. "ಕಣ್ಣೀರಿನ ನಾಳ ಕಟ್ಕೊಂಡಿದೆ," ಎಂದರು, ಮುಖವನ್ನು ಹಾಗೇ ಸೂರಿಗೆ ಹಿಡಿದುಕೊಂಡು. "ಏಳು ವರ್ಷ ಆಯ್ತು. ಗಾ‌ಳಿ ತಾಗಿದ್ರೆ ನೀರು, ಧೂಳಿಗೆ ನೀರು, ಜನ ಸೇರಿದ ಕಡೆ ನೀರು. ಮೊದಮೊದಲು ಒರೆಸ್ಕೊಳ್ತಿದ್ದೆ. ಒಂದ್ಸಲ ಒಂದು ಸಾವಿನ ಮನೇಲಿ ಒಬ್ಬ ಹೆಂಗಸು ನನ್ನ ಕೈ ಹಿಡ್ಕೊಂಡು, ನೀವಾದ್ರೂ ಅತ್ರಲ್ಲ ಅಂದ್ಳು. ಆಮೇಲೆ ಒರೆಸ್ಕೊಳ್ಳೋದು ಬಿಟ್ಟೆ." ತಲೆ ಸರಿಮಾಡಿಕೊಂಡು ಅವನನ್ನು ನೋಡಿದರು. "ಇದನ್ನ ಯಾರಿಗೂ ಹೇಳ್ಬೇಡಿ. ಮೊಸಳೆ ಅಂದ್ರೂ ಪರವಾಗಿಲ್ಲ."

ವರದಿಯನ್ನು ಬದಲಿಸುವುದಿಲ್ಲವೆಂದರು, ಸಹಿಯಾಗಿಹೋಗಿದೆ, ಕುಂಡಗಳೂ ಚೆನ್ನಾಗಿವೆ. ಟೈಪಿಸ್ಟಳ ನೌಕರಿ ಮುಂದುವರಿಸುವ ಹಾಳೆ ತರಿಸಿ ಅವನೆದುರಿಗೇ ಸಹಿ ಹಾಕಿದರು. ಅವನಿಗೆ ಶಿಕ್ಷೆಯೆಂದು ಬರೆಯಲಿಲ್ಲ, ಬಾಯಲ್ಲಿ ಹೇಳಿದರು: ಅರವತ್ತೊಂದು ಮನೆಗೂ ಸರಿಯಾದ ಹೆಸರಿನ ಕಾಗದ ಹೋಗಬೇಕು, ಅಂಚೆಯಲ್ಲಲ್ಲ, ಅವನ ಕೈಯಲ್ಲಿ, ಹಳೆಯದನ್ನು ವಾಪಸು ತರಬೇಕು. ಟೈಪಿಸ್ಟ್ ಹೊಸ ಕಾಗದಗಳ ಕಟ್ಟು ತಂದು ಅವನ ಮುಂದಿಟ್ಟಳು. ಅವನು ಏನೋ ಕಾಯುವವನ ಹಾಗೆ ನಿಂತಿದ್ದ.

"ಥ್ಯಾಂಕ್ಸ್ ಹೇಳ್ತೀನಿ ಅಂದ್ಕೊಂಡ್ರಾ?"

"ಇಲ್ಲ, ಛೇ."

"ಅಂದ್ಕೊಂಡಿದ್ರಿ," ಎಂದು ಅವಳು ತನ್ನ ಕುರ್ಚಿಗೆ ಹೋಗಿ ಕೂತಳು.

ಮನೆ ಮನೆ ಅಲೆಯುವಾಗ ಅವನು ಮೊದಲು ತಲೆ ತಗ್ಗಿಸಿಕೊಂಡೇ ಮಾತಾಡುತ್ತಿದ್ದ. ಹತ್ತು ಮನೆ ಮುಗಿಯುವ ಹೊತ್ತಿಗೆ ಬಾಯಿಪಾಠವಾಯಿತು. ಒಂದು ತಾಂತ್ರಿಕ ದೋಷದಿಂದ ಸಹಿಯ ಹೆಸರು ತಪ್ಪಾಗಿದೆ, ಕ್ಷಮಿಸಬೇಕು, ಹಳೆಯದನ್ನು ಕೊಡಿ. ಹೆಚ್ಚಿನವರು ಸಹಿಯನ್ನು ನೋಡಿಯೇ ಇರಲಿಲ್ಲ. ಒಬ್ಬರು ಹಳೆಯ ಕಾಗದದ ಹಿಂಬದಿಯಲ್ಲಿ ಸಾಮಾನಿನ ಪಟ್ಟಿ ಬರೆದಿದ್ದರು, ಪಟ್ಟಿಯನ್ನು ನಕಲು ಮಾಡಿಕೊಳ್ಳುವವರೆಗೆ ಅವನನ್ನು ನಿಲ್ಲಿಸಿದರು. ಇನ್ನೊಬ್ಬರು, ಕಾಗದದ ಮೇಲೆ ಗುಂಡು ಮೊಹರು ಯಾಕಿಲ್ಲ ಎಂದು ಜಗಳ ತೆಗೆದರು. ಕೌಂಟರಿಗೆ ಬಂದಿದ್ದ ಮುದುಕರು ಹೊಸದನ್ನು ತೆಗೆದುಕೊಂಡರು, ಹಳೆಯದನ್ನು ಕೊಡಲಿಲ್ಲ. "ಇದು ಯಾರೋ ಬರೆದಿದ್ದು, ಇಟ್ಕೋತೀನಿ. ಅದು ಮೊಸಳೆಯವರು ಬರೆದಿದ್ದು," ಎಂದರು. ಮೂರನೆಯ ದಿನ ಸಂಜೆ ನಾಲ್ಕಕ್ಕೆ, ಇಪ್ಪತ್ತನೆಯ ಮನೆಯ ಬಾಗಿಲು ತಟ್ಟುವ ಹೊತ್ತಿಗೆ, ಹೊರೆ ಇಳಿಯುತ್ತ ಬಂದಿದೆ ಎಂದು ಅವನಿಗನ್ನಿಸುತ್ತಿತ್ತು. ತಾನು ಅಷ್ಟೇನೂ ಕೆಟ್ಟವನಲ್ಲ ಎಂಬ ಹಳೆಯ ಅಭಿಪ್ರಾಯ ಮೆಲ್ಲಮೆಲ್ಲನೆ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು.

ಮೂರನೆಯ ಮಹಡಿಯ ಒಂದು ಕೋಣೆ ಮತ್ತು ಒಳಗೊಂದು ಕೋಣೆಯ ಮನೆ. ಬಾಗಿಲು ತೆಗೆದವಳು ಹೊಲಿಗೆಯವಳು. ಕೊರಳಲ್ಲಿ ಅಳತೆಯ ಪಟ್ಟಿ, ತುಟಿಯ ನಡುವೆ ಎರಡು ಗುಂಡುಸೂಜಿ. ಗುಂಡುಸೂಜಿಗಳನ್ನು ತೆಗೆದು ಮೆತ್ತೆಗೆ ಚುಚ್ಚಿ ಅವಳು ಅವನ ಮಾತನ್ನು ಪೂರ್ತಿ ಕೇಳಿದಳು. ಹಳೆಯ ಕಾಗದವನ್ನು ತಂದಳು. ಎರಡನ್ನೂ ಹೊಲಿಗೆಯಂತ್ರದ ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಓದಿದಳು.

"ಏನು ಬದಲಾಯಿಸಿದೀರಿ?"

"ಹೆಸರು. ಸಹಿಯ ಹೆಸರು. ಇಲ್ನೋಡಿ, ಕೆಳಗೆ."

"ಮೇಲಿನದು?"

"ಮೇಲಿನದು ಯಾವುದು?"

"ನನ್ನ ತಂಗಿ ಹೆಸರು." ಅವಳು ಬೆರಳಿಟ್ಟಳು. "ಅವಳ ಹೆಸರಲ್ಲ ಇದು. ಎರಡನೇ ಅಕ್ಷರಕ್ಕೆ ದೀರ್ಘ ಇಲ್ಲ, ಕೊನೆಗೆ ಇಲ್ಲದ ಒತ್ತು ಕೊಟ್ಟಿದೀರಿ. ಓದಿದ್ರೆ ಬೇರೆ ಯಾರೋ ಆಗ್ತಾಳೆ. ಪ್ರಮಾಣಪತ್ರದಲ್ಲೂ ಹೀಗೇ ಇದೆ. ಮೂರು ಸಲ ಬಂದಿದ್ದೆ ನಿಮ್ಮ ಆಫೀಸಿಗೆ. ಯಂತ್ರದಲ್ಲಿ ಹಾಗೇ ಇದೆ, ನಾವೇನೂ ಮಾಡೋಕಾಗಲ್ಲ ಅಂದ್ರು."

ಅವನು ಎರಡೂ ಕಾಗದಗಳನ್ನು ನೋಡಿದ. ಹನ್ನೊಂದು ಪುಟದ ವರದಿ, ಮೂರು ತಾಸಿನ ಹುಡುಕಾಟ, ಹನ್ನೆರಡು ಕುಂಡ, ಇಪ್ಪತ್ತು ಮನೆ. ಇಷ್ಟರಲ್ಲಿ ಒಬ್ಬನೂ ಆ ಸಾಲನ್ನು ಓದಿರಲಿಲ್ಲ. ಅವನ ಚೀಲದಲ್ಲಿ ಆ ಸಾಲುಗಳೇ ಇದ್ದವು, ಮೂರು ದಿನದಿಂದ ಹೆಗಲ ಮೇಲೆ ಹೊತ್ತು ತಿರುಗಿದ್ದ. ಮನೆಯ ನಂಬರು ನೋಡಿದ್ದ, ಬೀದಿ ನೋಡಿದ್ದ, ಸಹಿ ನೋಡಿದ್ದ. ಕ್ಷಮಿಸಿ ಎನ್ನಲು ಬಾಯಿ ತೆರೆದರೆ, ಇಪ್ಪತ್ತು ಸಲ ಹೇಳಿ ಸವೆದ ಅದೇ ಕ್ಷಮಿಸಿ ಬರುತ್ತದೆಂದು ಹೆದರಿ, ಜೇಬಿನಿಂದ ಪೆನ್ನು ತೆಗೆದ.

"ಹೇಳಿ. ಬರ್ಕೊತೀನಿ."

ಅವಳು ಕುರ್ಚಿಯ ಮೇಲಿದ್ದ ಬಟ್ಟೆಯ ತುಂಡುಗಳನ್ನು ಎತ್ತಿಟ್ಟು ಅವನಿಗೆ ಜಾಗ ಮಾಡಿದಳು. ಒಂದೊಂದೇ ಅಕ್ಷರ ಹೇಳಿದಳು. "ಈಗ ದೀರ್ಘ. ಹಾಂ. ಇನ್ನೂ ಸ್ವಲ್ಪ ಎಳೀರಿ, ಮತ್ತೆ ಯಾರಾದ್ರೂ ಓದುವಾಗ ತಪ್ಪಬಾರದು. ಇಲ್ಲಿ ಒತ್ತು ಬೇಡ. ಅಷ್ಟೇ." ಅವನ ಅಕ್ಷರ ಚೆನ್ನಾಗಿರಲಿಲ್ಲ, ಕೈಯಲ್ಲಿ ಬರೆದು ವರ್ಷಗಳಾಗಿದ್ದವು. ಸರಿಯಾಯಿತೇ ಎಂದು ಖಾತ್ರಿ ಮಾಡಿಕೊಳ್ಳಲು ಅವನು ಆ ಹೆಸರನ್ನು ಗಟ್ಟಿಯಾಗಿ ಓದಿದ.

ಒಳಗಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ವಯಸ್ಸಾದ ಹೆಂಗಸಿನ ದನಿ ಕೇಳಿತು: "ಬಂದ್ಲಾ?"

ಹೊಲಿಗೆಯವಳು ತಲೆಯೆತ್ತಲಿಲ್ಲ. "ಇಲ್ಲಮ್ಮ. ಆಫೀಸಿನವರು. ಅವಳ ಹೆಸರು ಸರಿಮಾಡೋಕೆ ಬಂದಿದಾರೆ," ಎಂದಳು.

ಅದಕ್ಕಾಗಿ ತಾನು ಬಂದಿರಲಿಲ್ಲ ಎಂದು ಅವನು ಹೇಳಲಿಲ್ಲ. ನಾಳೆ ಪ್ರಮಾಣಪತ್ರದ ಜೊತೆ ತಾನೇ ಬರುತ್ತೇನೆ ಎಂದು ಮೆಟ್ಟಿಲಿಳಿದ. ಬೀದಿಯಲ್ಲಿ ಮಧ್ಯಾಹ್ನ ಮುಚ್ಚಿದ್ದ ಅಂಗಡಿಗಳು ಮತ್ತೆ ಬಾಗಿಲು ತೆರೆಯುತ್ತಿದ್ದವು, ಶಾಲೆ ಬಿಟ್ಟ ಮಕ್ಕಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುತ್ತ ಹೋಗುತ್ತಿದ್ದರು. ಚೀಲದಿಂದ ಪಟ್ಟಿ ತೆಗೆದ. ಇಪ್ಪತ್ತೊಂದನೆಯ ಮನೆ ಎದುರು ಸಾಲಿನಲ್ಲೇ ಇತ್ತು, ಬಾಗಿಲೂ ತೆರೆದಿತ್ತು. ಅವನು ಅದನ್ನು ದಾಟಿ, ಬಂದ ದಾರಿಯಲ್ಲೇ ತಿರುಗಿ, ಎರಡು ದಿನದ ಹಿಂದೆ ಮುಗಿಸಿದ್ದ ಮೊದಲನೆಯ ಮನೆಯ ಕಡೆ ನಡೆಯತೊಡಗಿದ.